ಸೈಡ್-ಬೈ-ಸೈಡ್ ವಾಹನಗಳ ಬಾಳಿಕೆ: ಬ್ರ್ಯಾಂಡಿನ ಜಗಳ ಸಾಕು, ಗಂಟೆಯ ಲೆಕ್ಕ ಬೇಕು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ತೋಟಗಳಿಗೆ ಬರುತ್ತಿರುವ ಸೈಡ್-ಬೈ-ಸೈಡ್ ವಾಹನಗಳ ಬಗ್ಗೆ ಪ್ರಕಟವಾದ ಲೇಖನವನ್ನೂ ಅದಕ್ಕೆ ಪ್ರತಿಕ್ರಿಯೆಯಾಗಿ ಬಂದ ಪತ್ರಗಳನ್ನೂ ಓದಿದೆ. ಇಬ್ಬರು ಅಕ್ಕಪಕ್ಕ ಕೂರುವ, ಉಕ್ಕಿನ ಕೊಳವೆಗಳ ಪಂಜರವೇ ಮೈಯಾಗಿರುವ, ಕಾರಿನ ಸ್ಟೀರಿಂಗ್ ಮತ್ತು ಟ್ರ್ಯಾಕ್ಟರ್‌ನ ಹಟ ಎರಡನ್ನೂ ಹೊಂದಿದೆಯೆಂದು ಮಾರಲಾಗುವ ಈ ವಾಹನವನ್ನು ಕೆಲವರು ಜೀಪಿಗಿಂತ ಗಟ್ಟಿಯೆಂದು ಹೊಗಳಿದ್ದಾರೆ. ಇನ್ನು ಕೆಲವರು ಇದು ಉಳ್ಳವರ ಪ್ಲಾಸ್ಟಿಕ್ ಆಟಿಕೆ, ಒಂದು ಮಳೆಗಾಲ ದಾಟುವುದಿಲ್ಲ ಎಂದು ತಳ್ಳಿಹಾಕಿದ್ದಾರೆ. ಪೊಲಾರಿಸ್ ಮೇಲೋ, ಕ್ಯಾನ್-ಆಮ್ ಮೇಲೋ, ಹೋಂಡಾ ಮೇಲೋ ಎಂಬಲ್ಲಿಗೆ ಚರ್ಚೆ ಬಂದು ನಿಂತಿರುವುದರಿಂದ, ದುಡ್ಡು ಹಾಕುವ ಮುನ್ನ ಬೆಳೆಗಾರ ಕೇಳಬೇಕಾದ ಪ್ರಶ್ನೆಗಳು ಹಿಂದೆ ಸರಿದಿವೆ ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, ಸೈಡ್-ಬೈ-ಸೈಡ್ ಎಂಬುದು ಒಂದೇ ಜಾತಿಯ ವಾಹನವಲ್ಲ. ಅಮೆರಿಕದಲ್ಲಿ ಇದು ಹುಟ್ಟಿದ್ದು ಹೊಲ, ಹುಲ್ಲುಗಾವಲು ಮತ್ತು ಕಾಮಗಾರಿ ಸ್ಥಳಗಳ ಕೆಲಸದ ಗಾಡಿಯಾಗಿ. ಕಾವಾಸಾಕಿ ಕಂಪನಿ 1988ರಲ್ಲಿ ‘ಮ್ಯೂಲ್’ ಹೆಸರಿನಲ್ಲಿ ತಂದ ಗಾಡಿ ಆ ವಂಶದ ಹಿರಿಯ. ಮಿನ್ನೆಸೋಟದ ಪೊಲಾರಿಸ್ ಕಂಪನಿಯ ‘ರೇಂಜರ್’ ಬಂದದ್ದು 1998ರಲ್ಲಿ. ಇವು ನಿಧಾನವಾಗಿ ಹೋಗುವ, ಹಿಂದೆ ಸಾಮಾನು ಹೇರುವ ತೊಟ್ಟಿಯಿರುವ, ಬೇಲಿ ಕಂಬ, ಮೇವು, ಗೊಬ್ಬರ ಸಾಗಿಸುವ ಗಾಡಿಗಳು. ಇನ್ನೊಂದು ಕವಲು ಮೋಜಿನದು. ಯಮಹಾದ ‘ರೈನೋ’ ಅದಕ್ಕೆ ದಾರಿ ತೆರೆಯಿತು, 2007ರಲ್ಲಿ ಪೊಲಾರಿಸ್ ತಂದ ‘ರೇಜರ್’ ಅದನ್ನೊಂದು ದೊಡ್ಡ ಮಾರುಕಟ್ಟೆಯಾಗಿಸಿತು. ಅಲ್ಲಿಂದ ಮುಂದೆ ನಡೆದದ್ದು ಕುದುರೆಶಕ್ತಿಯ ಪೈಪೋಟಿ. ಕೆನಡಾದ ಕ್ಯಾನ್-ಆಮ್‌ನ ಮ್ಯಾವೆರಿಕ್ ಎಕ್ಸ್3 ಟರ್ಬೊ 2016ರಲ್ಲಿ 154 ಅಶ್ವಶಕ್ತಿಯೊಂದಿಗೆ ಬಂದಿತ್ತು. ಅದೇ ಕಂಪನಿಯ ಮ್ಯಾವೆರಿಕ್ ಆರ್ 2023ರಲ್ಲಿ 240 ಅಶ್ವಶಕ್ತಿಗೆ ಏರಿತು. ಮಲೆನಾಡಿನ ಮಂದಿ ಬಲವಾದ ಗಾಡಿಯೆಂದು ಒಪ್ಪಿಕೊಂಡ 2010ರ ಥಾರ್‌ಗೆ ಇದ್ದದ್ದು 105 ಅಶ್ವಶಕ್ತಿ ಎಂದು ನೆನೆದರೆ, ಒಂದು ಟನ್ನಿಗಿಂತ ಕಡಿಮೆ ತೂಗುವ ಗಾಡಿಯ ಎಕ್ಸೆಲ್, ಬೆಲ್ಟ್, ಬೇರಿಂಗುಗಳ ಮೇಲೆ ಎಂಥ ಒತ್ತಡ ಬೀಳುತ್ತದೆಂಬುದನ್ನು ಊಹಿಸಬಹುದು.

ಈ ಎರಡು ಕವಲುಗಳನ್ನು ಒಂದೇ ತಕ್ಕಡಿಗೆ ಹಾಕಿದ್ದರಿಂದಲೇ ನಮ್ಮ ಚರ್ಚೆ ಗೊಂದಲಕ್ಕೆ ಬಿದ್ದಿದೆ. ಎಂಟು ವರ್ಷದಿಂದ ಮ್ಯೂಲ್ ಓಡಿಸುತ್ತಿರುವವರ ಮಾತೂ ನಿಜವಿರಬಹುದು, ಒಂದೇ ಋತುವಿನಲ್ಲಿ ರೇಜರ್‌ನ ಎಕ್ಸೆಲ್ ಮುರಿದುಕೊಂಡವರ ಮಾತೂ ನಿಜವಿರಬಹುದು. ತಯಾರಕರು ತಮ್ಮ ಸರಕನ್ನು ಎಷ್ಟು ನಂಬುತ್ತಾರೆಂಬುದು ಅವರ ವಾರಂಟಿ ಪತ್ರದಲ್ಲಿಯೇ ಕಾಣುತ್ತದೆ. ಅಮೆರಿಕದಲ್ಲಿ ಪೊಲಾರಿಸ್ ರೇಜರ್‌ಗೂ ಕ್ಯಾನ್-ಆಮ್ ಮ್ಯಾವೆರಿಕ್‌ಗೂ ಮಾಮೂಲಿಯಾಗಿ ಸಿಗುವ ವಾರಂಟಿ ಆರು ತಿಂಗಳು. ಹೋಂಡಾ ಒಂದು ವರ್ಷ ಕೊಡುತ್ತದೆ. ಕಾವಾಸಾಕಿ ತನ್ನ ಮ್ಯೂಲ್‌ಗೆ ಮೂರು ವರ್ಷ ಕೊಡುತ್ತದೆ. ಜಾಹೀರಾತಿನಲ್ಲಿ ಬಂಡೆ ಹತ್ತುವ ಗಾಡಿಗೆ ಆರು ತಿಂಗಳು, ಮೇವು ಹೊರುವ ಗಾಡಿಗೆ ಮೂರು ವರ್ಷ. ಗಟ್ಟಿತನದ ಬಗ್ಗೆ ವಾದಿಸುವವರು ಮೊದಲು ಈ ಕಾಗದವನ್ನು ಓದಬೇಕು.

ಇನ್ನು ಯಂತ್ರದ ಒಳಗಿನ ಮಾತು. ಈ ಗಾಡಿಗಳಲ್ಲಿ ಬಹುಪಾಲಿನವು ಗೇರ್‌ಪೆಟ್ಟಿಗೆಗೆ ಶಕ್ತಿ ಸಾಗಿಸಲು ಬಳಸುವುದು ಒಂದು ರಬ್ಬರ್ ಬೆಲ್ಟ್. ನಮ್ಮ ಪಕ್ಕದ ತೋಟಕ್ಕೆ ಬಂದಿದ್ದ ಒಂದು ಗಾಡಿ (ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ) ಜುಲೈ ಮಳೆಯಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುವಾಗ ಸುಟ್ಟ ರಬ್ಬರಿನ ವಾಸನೆ ಬಿಟ್ಟು ನಿಂತಿತು. ಪೇಟೆಯಿಂದ ಬಂದ ಮೆಕ್ಯಾನಿಕ್ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ತೆಗೆದಾಗ ಒಳಗೆ ಕಪ್ಪು ಪುಡಿ ಕವಿದಿತ್ತು. ಬೆಲ್ಟಿನ ಹಲ್ಲುಗಳು ಅಲ್ಲಲ್ಲಿ ಕಿತ್ತುಬಂದಿದ್ದವು. ಒಳಗಿನ ನೂಲು ಹಿಂದಿನ ಪುಲ್ಲಿಯ ಶಾಫ್ಟಿಗೆ ದಾರದ ಉಂಡೆಯ ಹಾಗೆ ಸುತ್ತಿಕೊಂಡಿತ್ತು. “ಸಾರ್, ಇದೂ ಆಕ್ಟಿವಾ ಥರಾನೇ, ಆದ್ರೆ ಅದ್ರ ಅಪ್ಪ” ಎಂದು ಆತ ಹೇಳಿದ್ದು ಹಾಸ್ಯಕ್ಕಾದರೂ ಯಂತ್ರಶಾಸ್ತ್ರದ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ಗೇರಿಲ್ಲದ ಸ್ಕೂಟರಿನಲ್ಲಿ ಇರುವಂತೆ ಇಲ್ಲಿಯೂ ಎರಡು ಪುಲ್ಲಿಗಳ ಕೋನಾಕಾರದ ತಟ್ಟೆಗಳು ವೇಗಕ್ಕೆ ತಕ್ಕಂತೆ ಹತ್ತಿರವಾಗುತ್ತಾ ದೂರವಾಗುತ್ತಾ ಬೆಲ್ಟನ್ನು ಹಿಂಡಿ ಹಿಡಿಯುತ್ತವೆ. ಭಾರ ಹೇರಿ, ನಿಧಾನ ವೇಗದಲ್ಲಿ, ಲೋ ರೇಂಜಿಗೆ (ಹೇರು ಎಳೆಯುವ ನಿಧಾನ ಗೇರಿಗೆ) ಹಾಕದೆ ಹೈ ರೇಂಜಿನಲ್ಲಿಯೇ ಏರು ಹತ್ತಿಸಿದರೆ ಹಿಡಿತ ಸಾಲದೆ ಬೆಲ್ಟ್ ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ಮೈ ಗಾಜಿನಂತೆ ನುಣುಪಾಗಿ ಇನ್ನಷ್ಟು ಜಾರುತ್ತದೆ. ಹಳ್ಳ ದಾಟುವಾಗ ಗಾಳಿ ಎಳೆಯುವ ಕೊಳವೆಯಿಂದ ನೀರು ಒಳಹೋದರೂ ಅದೇ ಗತಿ. ಆ ತೋಟದಲ್ಲಿ ಲೋ ರೇಂಜ್ ಎಂಬುದು ಯಾಕಿದೆಯೆಂದು ಚಾಲಕನಿಗೆ ಮಾರಾಟಗಾರ ಒಂದು ಮಾತೂ ಹೇಳಿರಲಿಲ್ಲ. ಹೊಸ ಬೆಲ್ಟ್ ಕೈಸೇರುವ ಹೊತ್ತಿಗೆ ಗೊಬ್ಬರ ಹಾಕುವ ಕಾಲವೇ ಮುಗಿದುಹೋಗಿತ್ತು.

ಇದು ಕಳಪೆ ನಿರ್ಮಾಣವೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಬೆಲ್ಟ್ ಸವೆಯುವುದಕ್ಕೆಂದೇ ಇರುವ ಭಾಗ. ಕಡಿಮೆ ತೂಕ, ಸುಲಭ ಚಾಲನೆ ಬೇಕೆಂದು ತಯಾರಕರು ತಿಳಿದೇ ಒಪ್ಪಿಕೊಂಡ ಕೊಡು-ಕೊಳ್ಳುವಿಕೆ ಅದು. ಬೆಲ್ಟ್ ಬೇಡವೆಂದವರಿಗೆ ಬೇರೆ ದಾರಿಗಳೂ ಇವೆ. ಹೋಂಡಾ ತನ್ನ ಪಯೊನಿಯರ್ 1000 ಮತ್ತು ಟ್ಯಾಲನ್ ಮಾದರಿಗಳಲ್ಲಿ ಬೆಲ್ಟಿನ ಬದಲು ಎರಡು ಕ್ಲಚ್ಚಿನ ಗೇರ್‌ಪೆಟ್ಟಿಗೆ ಇಟ್ಟಿದೆ. ನಮ್ಮ ರೈತರಿಗೆ ಟ್ರ್ಯಾಕ್ಟರಿನಿಂದ ಪರಿಚಿತವಾದ ಕುಬೋಟ ಕಂಪನಿ ತನ್ನ ಡೀಸೆಲ್ ಆರ್‌ಟಿವಿ ಗಾಡಿಗಳಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರೊಸ್ಟ್ಯಾಟಿಕ್ ಪದ್ಧತಿ ಬಳಸುತ್ತದೆ. ಗಾಡಿ ಭಾರ, ವೇಗ ಕಡಿಮೆ, ಆದರೆ ಹೇರು ಹೊತ್ತು ತೆವಳುವುದಕ್ಕೆ ಹೇಳಿ ಮಾಡಿಸಿದ್ದು. ಬೆಲ್ಟಿನ ಹೆಸರಿನಲ್ಲಿಯೇ ಬೆಳೆದ ಕ್ಯಾನ್-ಆಮ್ ಕೂಡ ಮೇಲೆ ಹೇಳಿದ 240 ಅಶ್ವಶಕ್ತಿಯ ಮ್ಯಾವೆರಿಕ್ ಆರ್‌ಗೆ ಬಂದಾಗ ಬೆಲ್ಟ್ ಬಿಟ್ಟು ಏಳು ಗೇರಿನ ಎರಡು ಕ್ಲಚ್ಚಿನ ಪೆಟ್ಟಿಗೆಗೆ ಹೋಯಿತು. ಕಂಪನಿಯೇ ಹೀಗೆ ದಾರಿ ಬದಲಿಸಿದ ಮೇಲೆ ರಬ್ಬರಿನ ಮಿತಿಯ ಬಗ್ಗೆ ಅಭಿಮಾನಿಗಳು ಇಷ್ಟೊಂದು ಹಟ ಹಿಡಿಯುವುದು ನನಗೆ ಅರ್ಥವಾಗುವುದಿಲ್ಲ.

ಬೆಲ್ಟಿನಷ್ಟೇ ಕಾಡುವುದು ಕೀಲುಗಳು. ಹಳೆಯ ಜೀಪಿನಲ್ಲಿ ಮುಂದೊಂದು ಹಿಂದೊಂದು ಗಟ್ಟಿ ಎಕ್ಸೆಲ್, ಮೇಲೆ ಪಟ್ಟಿ ಸ್ಪ್ರಿಂಗ್, ಅಷ್ಟೇ. ಮೈ ಕೈ ನೋಯುತ್ತಿತ್ತು, ಆದರೆ ಸವೆಯುವ ಜಾಗಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಸೈಡ್-ಬೈ-ಸೈಡಿನಲ್ಲಿ ಪ್ರತಿ ಚಕ್ರವೂ ಸ್ವತಂತ್ರವಾಗಿ ಏಳುತ್ತದೆ, ಬೀಳುತ್ತದೆ. ಮ್ಯಾವೆರಿಕ್ ಎಕ್ಸ್3ರಂಥ ಗಾಡಿಯಲ್ಲಿ ಚಕ್ರದ ಈ ಏರಿಳಿತ 20 ಅಂಗುಲ ಮೀರುತ್ತದೆ. ಸೊಂಟಕ್ಕೆ ಸುಖವಾಗುವುದು ಇದರಿಂದಲೇ. ಆದರೆ ಆ ಸುಖದ ಬೆಲೆಯಾಗಿ ಪ್ರತಿ ಮೂಲೆಯಲ್ಲಿಯೂ ಬುಷ್‌ಗಳು, ಬಾಲ್ ಜಾಯಿಂಟ್‌ಗಳು, ಒಂದು ಚಕ್ರದ ಬೇರಿಂಗ್, ಎಕ್ಸೆಲಿನ ಎರಡು ತುದಿಗೆ ಗ್ರೀಸ್ ತುಂಬಿದ ರಬ್ಬರ್ ಬೂಟುಗಳು ಬಂದು ಕೂರುತ್ತವೆ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದ ತೋಟದಲ್ಲಿ ದಾರಿಗೆ ಬಿದ್ದ ಸಿಲ್ವರ್ ಓಕಿನ ಒಂದು ಚೂಪು ಕೊಂಬೆ ಆ ಬೂಟನ್ನು ಸೀಳಿದರೆ ಗ್ರೀಸ್ ಹೊರಗೆ ಚಿಮ್ಮುತ್ತದೆ, ಕೆಂಪು ಕೆಸರು ಒಳಗೆ ಹೋಗುತ್ತದೆ, ಕೆಲವೇ ದಿನಗಳಲ್ಲಿ ತಿರುವಿನಲ್ಲಿ ಕಟಕಟ ಸದ್ದು ಶುರುವಾಗುತ್ತದೆ. ಆಗಲೇ ಬೂಟು ಬದಲಿಸಿದರೆ ಸಣ್ಣ ಖರ್ಚು. ಸದ್ದು ಕೇಳಿಯೂ ಓಡಿಸಿದರೆ ಇಡೀ ಎಕ್ಸೆಲ್. ಹಾಗೆಯೇ, ಕೆಸರು ತೊಳೆಯಲೆಂದು ಒತ್ತಡದ ನೀರನ್ನು ನೇರವಾಗಿ ಚಕ್ರದ ನಡುವಿಗೆ ಹೊಡೆಯುವ ಅಭ್ಯಾಸ ನಮ್ಮ ತೋಟಗಳಲ್ಲಿ ಎಲ್ಲೆಡೆ ಇದೆ. ನೀರು ಸೀಲನ್ನು ದಾಟಿ ಬೇರಿಂಗಿಗೆ ಇಳಿದು ತುಕ್ಕು ಹಿಡಿಸುತ್ತದೆ. ಗಾಡಿ ಹೊಳೆಯುತ್ತಿರುತ್ತದೆ, ಬೇರಿಂಗ್ ಗುರುಗುಡುತ್ತಿರುತ್ತದೆ.

ಆದ್ದರಿಂದಲೇ ಈ ಗಾಡಿಗಳ ಆಯುಷ್ಯವನ್ನು ವರ್ಷದಲ್ಲಿಯೋ ಕಿಲೋಮೀಟರಿನಲ್ಲಿಯೋ ಅಳೆಯುವುದಕ್ಕಿಂತ ಗಂಟೆಯಲ್ಲಿ ಅಳೆಯುವುದು ಸರಿ. ಟ್ರ್ಯಾಕ್ಟರಿನಲ್ಲಿ ಇರುವಂತೆ ಇವುಗಳಲ್ಲಿಯೂ ಎಂಜಿನ್ ಓಡಿದ ಗಂಟೆ ಎಣಿಸುವ ಅವರ್ ಮೀಟರ್ ಇದೆ. ಪೊಲಾರಿಸ್‌ನ ಹಲವು ಮಾದರಿಗಳ ಕೈಪಿಡಿ ಮೊದಲ 25 ಗಂಟೆಗೆ ಒಮ್ಮೆ, ಆಮೇಲೆ ಪ್ರತಿ 100 ಗಂಟೆಗೆ ಒಮ್ಮೆ ಎಂಜಿನ್ ಎಣ್ಣೆ ಬದಲಿಸಬೇಕೆನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆ ಓಡುವ ತೋಟದ ಗಾಡಿಗೆ 100 ಗಂಟೆ ಎಂದರೆ ಒಂದು ತಿಂಗಳ ಕೆಲಸ. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ, ಕಂಪನಿ ಮೋಸ ಮಾಡಿತೆಂದು ಪತ್ರಿಕೆಗೆ ಬರೆಯುವವರು ಈ ಲೆಕ್ಕವನ್ನು ಹಾಕಿ ನೋಡಿದ್ದಾರೆಯೇ?

ಹಾಗೆಂದು ತಪ್ಪೆಲ್ಲ ಬಳಕೆದಾರನದೇ ಎನ್ನುವ ಮಾರಾಟಗಾರರ ವಾದವನ್ನೂ ಒಪ್ಪಲಾಗದು. ಸೀಟಿನ ಬೆನ್ನಿಗೇ ಎಂಜಿನ್, ಅದರ ಪಕ್ಕದಲ್ಲಿ ಕೆಂಡದಂಥ ಸೈಲೆನ್ಸರ್, ಸುತ್ತ ಪ್ಲಾಸ್ಟಿಕ್ ಹೊದಿಕೆ: ಈ ಜೋಡಣೆ ಬೆಂಕಿಗೆ ಆಹ್ವಾನವಾಗಬಹುದೆಂಬುದು ಅಮೆರಿಕದಲ್ಲಿ ದಾಖಲಾದ ಸಂಗತಿ. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪ್ರಕಟಣೆಯಂತೆ, 2016ರ ಏಪ್ರಿಲ್‌ನಲ್ಲಿ ಪೊಲಾರಿಸ್ 2013ರಿಂದ 2016ರವರೆಗಿನ ರೇಜರ್ 900 ಮತ್ತು 1000 ಮಾದರಿಯ ಸುಮಾರು 1,33,000 ಗಾಡಿಗಳನ್ನು ವಾಪಸು ಕರೆಯಬೇಕಾಯಿತು. 160ಕ್ಕೂ ಹೆಚ್ಚು ಬೆಂಕಿ ಪ್ರಕರಣಗಳು ವರದಿಯಾಗಿದ್ದವು. ಮಗುಚಿ ಬೆಂಕಿ ಹತ್ತಿದ ಒಂದು ಗಾಡಿಯಲ್ಲಿ 15 ವರ್ಷದ ಮಗುವೊಂದು ತೀರಿಕೊಂಡಿತ್ತು. ದೋಷದ ಮಾಹಿತಿಯನ್ನು ಸಕಾಲಕ್ಕೆ ತಿಳಿಸಲಿಲ್ಲವೆಂಬ ಆರೋಪದ ಮೇಲೆ ಕಂಪನಿ 2018ರಲ್ಲಿ 2 ಕೋಟಿ 72 ಲಕ್ಷ 50 ಸಾವಿರ ಡಾಲರ್ ದಂಡ ಕಟ್ಟಲು ಒಪ್ಪಿತು. ಅದೇ ವರ್ಷ ಇನ್ನೂ ಸುಮಾರು 1,07,000 ರೇಜರ್ ಎಕ್ಸ್‌ಪಿ 1000 ಗಾಡಿಗಳು ಸೈಲೆನ್ಸರಿನ ಸುತ್ತಲಿನ ಶಾಖದ ತೊಂದರೆಗೆ ವಾಪಸಾದವು. ಈ ವಾಪಸಾತಿಗಳಿಗೆ ಕಾರಣ ಮುರಿದ ಚೌಕಟ್ಟಲ್ಲ, ಬಾಗಿದ ಕೊಳವೆಯೂ ಅಲ್ಲ. ಕಬ್ಬಿಣ ದಪ್ಪವಿದ್ದರೆ ಗಾಡಿ ಚೆನ್ನಾಗಿದೆ ಎಂಬ ಲೆಕ್ಕಾಚಾರ ಎಷ್ಟು ಅಪೂರ್ಣವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಬೇಸಗೆಯಲ್ಲಿ ತರಗೆಲೆಯ ಮೇಲೆ ಓಡುವ ನಮ್ಮ ತೋಟಗಳಲ್ಲಿ ಎಂಜಿನ್ ಅಡಿಯಲ್ಲಿ ಒಣಗಿದ ಎಲೆ, ಹುಲ್ಲು ಸಿಕ್ಕಿಕೊಳ್ಳುವುದನ್ನು ದಿನವೂ ನೋಡಿ ತೆಗೆಯದಿದ್ದರೆ ಯಾವ ಕಂಪನಿಯ ಗಾಡಿಯೂ ಸುರಕ್ಷಿತವಲ್ಲ.

ಯಮಹಾ ರೈನೋದ ಕಥೆ ಇನ್ನೂ ವಿಚಿತ್ರ. ಎಂಜಿನ್ ವಿಷಯದಲ್ಲಿ ಅದನ್ನು ದೂರಿದವರು ಕಡಿಮೆ. ಆದರೂ ಮಗುಚುವ ಅಪಘಾತಗಳು ಹೆಚ್ಚಿ, 46 ಸಾವುಗಳ ವರದಿ ಬಂದ ಮೇಲೆ, 2009ರ ಮಾರ್ಚ್‌ನಲ್ಲಿ ಅದೇ ಆಯೋಗದ ಜೊತೆ ಒಪ್ಪಂದ ಮಾಡಿಕೊಂಡ ಯಮಹಾ, ಹಿಂದಿನ ಚಕ್ರಗಳ ಬಳಿ ಚಕ್ರವನ್ನು ಹೊರಕ್ಕೆ ಸರಿಸುವ 50 ಮಿಲಿಮೀಟರ್ ಸ್ಪೇಸರ್ ಹಾಕಿ, ಹಿಂದಿನ ಸ್ಟೆಬಿಲೈಸರ್ ಸರಳನ್ನು ತೆಗೆದು ಕೊಡುವ ಉಚಿತ ದುರಸ್ತಿ ಕಾರ್ಯಕ್ರಮ ಘೋಷಿಸಬೇಕಾಯಿತು. ಸೀಟ್ ಬೆಲ್ಟ್ ಹಾಕದಿದ್ದದ್ದೂ ಹಲವು ಪ್ರಕರಣಗಳಲ್ಲಿ ಕಾರಣವಾಗಿತ್ತು ಎಂಬುದು ಬೇರೆ ಮಾತು. ವರ್ಷಗಟ್ಟಲೆ ಕೆಡದೆ ಓಡುವ ಗಾಡಿಯೂ ಇಳಿಜಾರಿನ ತಿರುವಿನಲ್ಲಿ ಕೈಕೊಡಬಹುದು. ಧರೆಯಂಚಿನ ದಾರಿಗಳೇ ಹೆಚ್ಚಿರುವ ಮಲೆನಾಡಿನವರು ಬಾಳಿಕೆಯನ್ನೂ ಸ್ಥಿರತೆಯನ್ನೂ ಬೇರೆ ಬೇರೆಯಾಗಿಯೇ ವಿಚಾರಿಸಬೇಕು. ನೆಲಹಾಸಿನ ಪ್ಲಾಸ್ಟಿಕ್ ತಳವನ್ನು ಕೊಂಬೆಗಳು ತೂರಿಕೊಂಡು ಒಳಬಂದ ಪ್ರಕರಣಗಳ ಹಿನ್ನೆಲೆಯಲ್ಲಿ ಆಯೋಗ 2022ರಲ್ಲಿ ಹೊಸ ನಿಯಮವೊಂದನ್ನು ಪ್ರಸ್ತಾಪಿಸಿತ್ತು ಎಂಬುದನ್ನೂ ಮರಗಸಿಯ ಕಾಲದಲ್ಲಿ ತೋಟ ಸುತ್ತುವವರು ತಿಳಿದಿರುವುದು ಒಳ್ಳೆಯದು.

ಮರುಭೂಮಿಯ ದೂರದ ಓಟವಾದ ಡಕಾರ್ ರ್‍ಯಾಲಿಯ ಗೆಲುವನ್ನು ಪುರಾವೆಯಾಗಿ ಮುಂದಿಡುವವರಿಗೆ ಒಂದೇ ಮಾತು. 2018ರಿಂದ ಹಲವು ವರ್ಷ ಅಲ್ಲಿನ ಸೈಡ್-ಬೈ-ಸೈಡ್ ವರ್ಗದಲ್ಲಿ ಕ್ಯಾನ್-ಆಮ್ ಗೆದ್ದಿತು, 2024ರಲ್ಲಿ ಪೊಲಾರಿಸ್ ಗೆದ್ದಿತು. ಅಲ್ಲಿ ಪ್ರತಿ ಸಂಜೆ ಮೆಕ್ಯಾನಿಕ್‌ಗಳ ಒಂದು ತಂಡವೇ ಗಾಡಿಯನ್ನು ಬಿಚ್ಚಿ ಜೋಡಿಸಲು ಕಾದಿರುತ್ತದೆ. ನಮ್ಮ ತೋಟದಲ್ಲಿ ಸಂಜೆ ಕಾದಿರುವುದು ರೈಟರ್ (ತೋಟದ ಗುಮಾಸ್ತ) ಒಬ್ಬರೇ, ಅವರ ಕೈಯಲ್ಲಿರುವುದು ಹಾಜರಿ ಪುಸ್ತಕ. ಇನ್ನು ಚೀನಾದ ಸಿಎಫ್‌ಮೋಟೊ ಗಾಡಿಗಳನ್ನು ಹೆಸರು ಕೇಳಿಯೇ ಹೀಗಳೆಯುವವರು, ಅಮೆರಿಕದ ಮತ್ತು ಕೆನಡಾದ ಹೆಸರಿನ ಎಷ್ಟೋ ಗಾಡಿಗಳು ಮೆಕ್ಸಿಕೊದ ಮಾಂಟೆರೆ ಮತ್ತು ಸಿಯುದಾದ್ ಹುವಾರೆಸ್‌ನಲ್ಲಿ ಜೋಡಣೆಯಾಗುತ್ತವೆ ಎಂಬುದನ್ನು ಗಮನಿಸಲಿ. ಬೆಸುಗೆಯ ಗುಣಮಟ್ಟ ಪಾಸ್‌ಪೋರ್ಟ್ ನೋಡಿ ಬರುವುದಿಲ್ಲ.

ಇಂಥದೇ ಜಗಳ ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಟ್ರ್ಯಾಕ್ಟರ್‌ಗಳ ಬಗ್ಗೆ ನಡೆದಿತ್ತು, ಅದು ತೀರ್ಮಾನವಾದ ಬಗೆಯನ್ನು ನಮ್ಮ ಓದುಗರ ಗಮನಕ್ಕೆ ತರಲು ಬಯಸುತ್ತೇನೆ. ಜಾಹೀರಾತನ್ನು ನಂಬಿ ಕೊಂಡ ಟ್ರ್ಯಾಕ್ಟರ್‌ಗಳು ಕೈಕೊಟ್ಟು ರೋಸಿಹೋದ ನೆಬ್ರಾಸ್ಕ ರಾಜ್ಯದ ರೈತ ವಿಲ್ಮಟ್ ಕ್ರೋಜಿಯರ್ ಶಾಸನಸಭೆಗೆ ಆಯ್ಕೆಯಾಗಿ, ಸಹಸದಸ್ಯರ ಜೊತೆಗೂಡಿ 1919ರಲ್ಲಿ ಒಂದು ಕಾನೂನು ತಂದರು. ಆ ರಾಜ್ಯದಲ್ಲಿ ಟ್ರ್ಯಾಕ್ಟರ್ ಮಾರಬೇಕಾದರೆ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಅದರ ಪರೀಕ್ಷೆ ನಡೆಯಬೇಕು, ಕಂಪನಿ ಹೇಳಿದ ಶಕ್ತಿಯನ್ನು ಅದು ನಿಜಕ್ಕೂ ಕೊಡುತ್ತದೆಯೇ ಎಂಬುದು ಪ್ರಕಟವಾಗಬೇಕು, ಜೊತೆಗೆ ಬಿಡಿಭಾಗಗಳ ದಾಸ್ತಾನು ರಾಜ್ಯದೊಳಗೇ ಇರಬೇಕು. 1920ರಲ್ಲಿ ಪರೀಕ್ಷೆಗಳು ಆರಂಭವಾದವು. ಮೊದಲು ಪೂರ್ಣಗೊಂಡದ್ದು ವಾಟರ್‌ಲೂ ಬಾಯ್ ಟ್ರ್ಯಾಕ್ಟರಿನ ಪರೀಕ್ಷೆ. ಈ ಕಾನೂನಿನ ಕೊನೆಯ ಷರತ್ತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಎಷ್ಟೇ ಚೆನ್ನಾಗಿ ಕಟ್ಟಿದ ಯಂತ್ರವಾದರೂ ಬಿತ್ತನೆಯ ವಾರದಲ್ಲಿ ಒಂದು ಬೇರಿಂಗಿಗಾಗಿ ಕಾಯುತ್ತಾ ನಿಂತರೆ ರೈತನ ಪಾಲಿಗೆ ಅದು ಕೆಟ್ಟ ಯಂತ್ರವೇ ಎಂಬುದನ್ನು ನೆಬ್ರಾಸ್ಕದವರು ಕಾನೂನಿನಲ್ಲಿಯೇ ಬರೆದಿಟ್ಟರು.

ನಮ್ಮಲ್ಲಿಯೂ ಟ್ರ್ಯಾಕ್ಟರ್‌ಗಳನ್ನು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ಸಂಸ್ಥೆಯಲ್ಲಿ ಪರೀಕ್ಷಿಸಿ ವರದಿ ಕೊಡುವ ವ್ಯವಸ್ಥೆ ಇದೆ. ತೋಟದ ಕೆಲಸಕ್ಕೆಂದು ಸೈಡ್-ಬೈ-ಸೈಡ್ ಮಾರುವವರು ಅಂಥ ಸ್ವತಂತ್ರ ಪರೀಕ್ಷೆಯ ವರದಿಯಿದ್ದರೆ ಗಿರಾಕಿಯ ಮುಂದಿಡಲಿ. ಇಲ್ಲವಾದರೆ ‘ಮಲೆನಾಡಿಗೆ ಸೂಕ್ತ’ ಎಂಬ ಮಾತನ್ನು ಜಾಹೀರಾತಿನಿಂದ ತೆಗೆಯಲಿ. ಪೊಲಾರಿಸ್ ತನ್ನ ಸ್ಪೋರ್ಟ್ಸ್‌ಮನ್ 570 ಎಂಬ ನಾಲ್ಕು ಚಕ್ರದ ಗಾಡಿಯನ್ನು ಭಾರತದಲ್ಲಿ ಕೃಷಿ ಟ್ರ್ಯಾಕ್ಟರ್ ವರ್ಗದಲ್ಲಿ ನೋಂದಣಿಗೆ ಅರ್ಹಗೊಳಿಸಿ ತಂದದ್ದುಂಟು. ಆದ್ದರಿಂದ ದಾರಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ನೋಂದಣಿ ಆಗದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ ಎಂಬುದನ್ನು ಮಾರಾಟಗಾರರು ಗಟ್ಟಿಯಾಗಿ ಹೇಳುವುದಿಲ್ಲ. ನಮ್ಮ ಕಡೆ ಒಂದೇ ತೋಟದ ಎರಡು ತುಂಡುಗಳ ನಡುವೆ ಡಾಂಬರು ರಸ್ತೆ ಹಾದುಹೋಗುವುದು ಸಾಮಾನ್ಯವಾದ್ದರಿಂದ ಇದು ಸಣ್ಣ ವಿಷಯವಲ್ಲ.

ಕೊಳ್ಳಲು ಹೊರಟವರು ಕಂಪನಿಯ ಹೆಸರನ್ನು ಬದಿಗಿಟ್ಟು, ಬೆಲ್ಟ್, ಎಕ್ಸೆಲ್ ಬೂಟು, ಚಕ್ರದ ಬೇರಿಂಗ್, ಬುಷ್, ಏರ್ ಫಿಲ್ಟರ್ ಇವಿಷ್ಟರ ಬೆಲೆ ಎಷ್ಟು, ಅವು ಯಾವ ಊರಿನ ಗೋದಾಮಿನಲ್ಲಿವೆ, ಎಷ್ಟು ದಿನದಲ್ಲಿ ಸಿಗುತ್ತವೆ ಎಂಬುದನ್ನು ಮಾರಾಟಗಾರರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಲಿ. ಹಳೆಯ ಗಾಡಿ ಕೊಳ್ಳುವವರು ಬಣ್ಣವನ್ನೂ ಟೈರನ್ನೂ ನೋಡುವ ಮೊದಲು ಅವರ್ ಮೀಟರ್ ನೋಡಲಿ, ಬೆಲ್ಟಿನ ಮುಚ್ಚಳ ಬಿಚ್ಚಿಸಲಿ, ಏರ್ ಫಿಲ್ಟರಿನ ಒಳಬದಿಯಲ್ಲಿ ಬೆರಳಾಡಿಸಲಿ. ಅಲ್ಲಿ ಧೂಳು ಸಿಕ್ಕರೆ ಎಂಜಿನ್ ಒಳಗೂ ಧೂಳು ಹೋಗಿದೆಯೆಂದೇ ತಿಳಿಯಬೇಕು.

ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್ ಮತ್ತು ತಾಲ್ಲೂಕು ಮಟ್ಟದ ಬೆಳೆಗಾರರ ಸಂಘಗಳು ಈ ಗಾಡಿಗಳಿರುವ ತೋಟಗಳಿಂದ ಎಷ್ಟು ಗಂಟೆಗೆ ಯಾವ ಭಾಗ ಹೋಯಿತು, ಅದು ಸಿಗಲು ಎಷ್ಟು ದಿನ ಹಿಡಿಯಿತು, ಆಗ ಗಾಡಿಯಲ್ಲಿ ಎಷ್ಟು ಹೇರಿತ್ತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಂಗ್ರಹಿಸಿ ವರ್ಷಕ್ಕೊಮ್ಮೆ ಪ್ರಕಟಿಸಬೇಕೆಂದು ಕೋರುತ್ತೇನೆ. ತಮ್ಮ ಕೃಷಿ ಪುಟ ಅದಕ್ಕೆ ಅರ್ಧ ಅಂಕಣ ಜಾಗ ಕೊಟ್ಟರೆ, ನಮ್ಮ ಸುತ್ತಲಿನ ತೋಟಗಳ ಲೆಕ್ಕವನ್ನು ಒಟ್ಟುಗೂಡಿಸಿ ಕಳುಹಿಸಲು ನಾನು ಸಿದ್ಧನಿದ್ದೇನೆ.

ಇತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ